ಎಡಗಡೆಯ ಸೀಟು

ಮೂವತ್ತೆರಡು ವರ್ಷ ಲಾರಿ ಡ್ರೈವರನ ಹೆಂಡತಿಯಾಗಿ ಬಾಳಿದ ಭಾರತಮ್ಮ ಒಂದು ದಿನವೂ ಲಾರಿಯೊಳಗೆ ಕೂತವಳಲ್ಲ. ನಂಗಲಿಯಲ್ಲಿ ಹೆದ್ದಾರಿಯ ಪಕ್ಕದ ಮನೆ ಅವಳದು. ಬಾಗಿಲು ತೆಗೆದರೆ ಲಾರಿ, ಮುಚ್ಚಿದರೂ ಲಾರಿಯ ಸದ್ದು. ಅಷ್ಟು ಹಾರನ್‌ಗಳ ನಡುವೆ ಗಂಡನ ಗಾಡಿಯ ಹಾರನ್ ಯಾವುದೆಂದು ಅಡುಗೆಮನೆಯಲ್ಲಿ ನಿಂತೇ ಹೇಳುತ್ತಿದ್ದಳು. ಎರಡು ಚಿಕ್ಕದು, ಒಂದು ಉದ್ದ. ಅದು ಕಿವಿಗೆ ಬಿದ್ದರೆ ಮುದ್ದೆಗೆ ಎಸರಿಡುವಳು. ಗಂಗುಲಪ್ಪ ಗಾಡಿ ನಿಲ್ಲಿಸಿ, ಸ್ನಾನ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಬರುವಷ್ಟರಲ್ಲಿ ಮುದ್ದೆ ತಟ್ಟೆಯಲ್ಲಿರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಒಂದು ಸಲ ಬಾಯಿಬಿಟ್ಟು ಕೇಳಿದ್ದಳು, ಮುಳಬಾಗಿಲಿನವರೆಗಾದರೂ ಕೂರಿಸಿಕೊಂಡು ಹೋಗಿ ಅಂತ. ಗಂಗುಲಪ್ಪ ನಕ್ಕುಬಿಟ್ಟ. "ಆ ಎಡಗಡೆ ಸೀಟು ಕ್ಲೀನರದು ಕಣೇ. ಹೆಂಡ್ತೀನ ಕೂರಿಸೋ ಜಾಗ ಅಲ್ಲ." ಅವನ ಮಟ್ಟಿಗೆ ಅದು ಹೆಂಡತಿಗೆ ಕೊಟ್ಟ ಮರ್ಯಾದೆ. ಭಾರತಮ್ಮ ಮತ್ತೆ ಕೇಳಲಿಲ್ಲ, ಆದರೆ ಮರೆಯಲೂ ಇಲ್ಲ. ಹೆಂಗಸರು ಇಂಥವನ್ನು ಮರೆತಿರುತ್ತಾರೆ ಅಂತ ಗಂಡಸರು ಯಾಕೆ ಅಂದುಕೊಳ್ಳುತ್ತಾರೋ ಗೊತ್ತಿಲ್ಲ.

ಹಾಗಂತ ಕ್ಲೀನರನನ್ನು ಗಂಗುಲಪ್ಪ ಕೀಳಾಗಿ ಕಂಡವನಲ್ಲ. ಊಟಕ್ಕೆ ಕೂತಾಗ ಲಾರಿಯ ಕಥೆ ಹೇಳುವುದು ಅವನ ಅಭ್ಯಾಸ, ಅದರಲ್ಲಿ ಅರ್ಧ ಕಥೆ ಕ್ಲೀನರನದೇ. ಡ್ರೈವರ್ ಬಲಗಡೆ ಕೂತಿರುತ್ತಾನೆ, ಎಡಗಡೆಯಿಂದ ಯಾವ ಬೈಕು ನುಗ್ಗಿತು, ಯಾವ ಹಸು ಅಡ್ಡ ಬಂತು, ಯಾವ ಮುದುಕಿ ರಸ್ತೆಗಿಳಿದಳು ಎಂದು ನೋಡುವವನು ಕ್ಲೀನರು. ಅಂಗೈಯಲ್ಲಿ ಬಾಗಿಲನ್ನು ಒಂದು ಸಲ ತಟ್ಟಿದರೆ ನಿಲ್ಲಬೇಕು, ಎರಡು ಸಲ ತಟ್ಟಿದರೆ ಹೋಗಬಹುದು. ಆ ತಟ್ಟು ಕೇಳಿದ ಮೇಲೆ ಡ್ರೈವರ್ ಯಾಕೆ ಏನು ಅಂತ ಕೇಳುವ ಹಾಗಿಲ್ಲ. ಈಚೆಗೆ ಮಾಲೀಕರು ಕ್ಲೀನರನನ್ನು ಇಟ್ಟುಕೊಳ್ಳುವುದೇ ಕಡಿಮೆಯಾಗಿ, ಕೊನೆಯ ಐದಾರು ವರ್ಷ ಗಂಗುಲಪ್ಪ ಒಬ್ಬನೇ ಓಡಿಸಿದ್ದ. ಆದರೂ ಅವನ ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ. ಅವನಿಗೆ ಜಂಬ ಅಂತ ಇದ್ದರೆ ಅದೊಂದೇ.

ಸಂಕ್ರಾಂತಿ ಕಳೆದ ವಾರ, ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನ ಎಡಗೈಯಿಂದ ಚೊಂಬು ಜಾರಿ ಬಿತ್ತು. ಮಾತು ತೊದಲಿತು. ಕೋಲಾರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇಟ್ಟುಕೊಂಡು, ಲಕ್ವ ಸಣ್ಣದಾಗಿ ಹೊಡೆದಿದೆ, ಪುಣ್ಯವಂತರು ನೀವು ಅಂದರು. ಮಾತು ಮೊದಲಿನಂತಾಯಿತು, ಕಾಲು ಸರಿಹೋಯಿತು, ಎಡಗೈ ಮಾತ್ರ ಸ್ವಲ್ಪ ಮಂದ. ಬೆರಳಿಗೆ ಏನಾದರೂ ಕೆಲಸ ಕೊಡುತ್ತಿರಿ, ಸುಮ್ಮನೆ ಕೂರಿಸಬೇಡಿ ಅಂತ ಹೇಳಿ ಕಳಿಸಿದರು.

ಕೆಲಸ ಏನು ಕೊಡುವುದು? ಮೊದಲು ಬಟಾಣಿ ಸುಲಿಸಿ ನೋಡಿದಳು ಭಾರತಮ್ಮ. ಒಂದು ಬಟ್ಟಲು ಸುಲಿಯುವಷ್ಟರಲ್ಲಿ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕೋಲಾರದಲ್ಲಿ ಹಾಲಿನ ಡೈರಿಯ ಆಫೀಸಿನಲ್ಲಿ ಕೆಲಸಕ್ಕಿರುವ ಮಗಳು ರಾಧಾ ಒಂದು ಭಾನುವಾರ ಬಂದವಳು ತನ್ನ ಹಳೆಯ ಫೋನು ಅಪ್ಪನ ಕೈಗಿಟ್ಟು, ಇದರಲ್ಲಿ ಗೇಮ್ ಆಡಿ ಅಂದಳು. ಅವಳು ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಒಂದೇ ಬಣ್ಣದ ಮಿಠಾಯಿಗಳನ್ನು ಸಾಲಾಗಿ ಸೇರಿಸುವ ಆಟ ಆಡುತ್ತಿದ್ದಳು. ಆಫೀಸಿನ ತಲೆನೋವಿಗೆ ಮಾತ್ರೆಗಿಂತ ಅದೇ ವಾಸಿ ಎಂಬುದು ಅವಳ ಅಭಿಪ್ರಾಯ. ಗಂಗುಲಪ್ಪ ಎರಡು ನಿಮಿಷ ಮಿಠಾಯಿ ಉಜ್ಜಿ, ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇದ್ಯಾಕಮ್ಮ ಎಂದು ವಾಪಸು ಕೊಟ್ಟ.

ದಾರಿ ತೋರಿಸಿದವನು ಎದುರಿನ ಪಂಕ್ಚರ್ ಅಂಗಡಿಯ ಚಂದ್ರು. ಮದುವೆಯಾಗಿ ಎರಡು ಮಕ್ಕಳಾದರೂ ಗಿರಾಕಿ ಇಲ್ಲದಾಗ ಕಿವಿಗೆ ವೈರು ಸಿಕ್ಕಿಸಿಕೊಂಡು ಗುಂಡು ಹಾರಿಸುವ ಆಟದಲ್ಲಿ ಮುಳುಗಿರುವವನು. ಅವನ ಗುಂಪಿನಲ್ಲಿ ಮಾಲೂರಿನವನೊಬ್ಬ, ಪಲಮನೇರಿನವನೊಬ್ಬ, ಯಾರ ಮುಖ ಯಾರೂ ಕಂಡಿಲ್ಲ, ಆದರೂ ಒಬ್ಬನಿಗೆ ಗುಂಡು ಬಿದ್ದರೆ ಇನ್ನೊಬ್ಬ ಜೀವ ಪಣಕ್ಕಿಟ್ಟು ಓಡಿ ಬರುತ್ತಾನೆ. ನನ್ನ ಸ್ವಂತ ಅಣ್ಣತಮ್ಮಂದಿರು ಹೀಗೆ ಬರಲ್ಲ ಅತ್ತೆ ಅಂತ ಒಮ್ಮೆ ಭಾರತಮ್ಮನಿಗೆ ಹೇಳಿದ್ದ. ಟೀ ಅಂಗಡಿಯ ಬೆಂಚಿನಲ್ಲಿ ಕೂರುವ ನಿವೃತ್ತ ಮೇಷ್ಟ್ರು ದೊಡ್ಡವೆಂಕಟಪ್ಪ ಮಾತ್ರ ಈ ಗೇಮುಗಳಿಂದ ದೇಶ ಹಾಳಾಯಿತು ಎಂದು ದಿನಾ ಭಾಷಣ ಮಾಡಿ, ಭಾಷಣ ಮುಗಿದ ಮೇಲೆ ತಮ್ಮ ಫೋನಿನಲ್ಲಿ ಲೂಡೋ ತೆಗೆದು ಪಕ್ಕದವನನ್ನು ಕರೆಯುತ್ತಿದ್ದರು. ಕೇಳಿದರೆ, ಇದು ಪಗಡೆ, ನಮ್ಮ ಹಿರಿಯರದು, ಗೇಮು ಅಲ್ಲ ಅನ್ನುವರು.

ಚಂದ್ರು ಗಂಗುಲಪ್ಪನ ಫೋನಿಗೆ ಹಾಕಿಕೊಟ್ಟದ್ದು ಲಾರಿ ಓಡಿಸುವ ಆಟ. ನಮ್ಮ ಕಡೆಯ ರಸ್ತೆ, ನಮ್ಮ ಕಡೆಯ ಟೋಲು, ಹಸಿರು ಬಣ್ಣದ ಲಾರಿ. ಸ್ಟೇರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಫೋನು ಹಿಡಿದು ಆಕಡೆ ಈಕಡೆ ವಾಲಿಸಿದರೆ ಗಾಡಿ ತಿರುಗುತ್ತದೆ. ಗಂಗುಲಪ್ಪನ ಮುಖ ನೋಡಬೇಕಿತ್ತು ಆವತ್ತು. ಗಾಡಿ ತೆಗೆಯಲು ಹೊರಟವನು ತಟಕ್ಕನೆ ನಿಂತು, ಇವತ್ತು ಅಮಾವಾಸ್ಯೆ, ಹೊಸ ಗಾಡಿ ತೆಗೆಯಬಾರದು ಎಂದ. ಮರುದಿನ ಭಾರತಮ್ಮ ಫೋನಿಗೆ ನಿಂಬೆಹಣ್ಣು ನಿವಾಳಿಸಿದ ಮೇಲೇ ಗಾಡಿ ಹೊರಟಿತು. ಚಂದ್ರು ನಕ್ಕೂ ನಕ್ಕೂ ಕಣ್ಣಲ್ಲಿ ನೀರು ತಂದುಕೊಂಡ. ಮಿಕ್ಕವರು ಆ ಆಟದಲ್ಲಿ ಎಲ್ಲರನ್ನೂ ಗುದ್ದಿಕೊಂಡು ಹೋಗುತ್ತಾರಂತೆ. ಗಂಗುಲಪ್ಪ ಎದುರಿನ ಗಾಡಿಗೆ ಲೈಟು ಇಳಿಸುವನು, ದೇವಸ್ಥಾನ ಕಂಡರೆ ಎರಡು ಚಿಕ್ಕದು ಒಂದು ಉದ್ದ ಹಾರನ್ ಹೊಡೆಯುವನು, ನೂರು ಮೈಲಿಗೊಮ್ಮೆ ಗಾಡಿ ಬದಿಗೆ ಹಾಕಿ ನಿಜವಾದ ಟೀ ಕುಡಿಯುವನು. ನಾಲ್ಕು ತಿಂಗಳು ಸಪ್ಪಗಿದ್ದ ಮನೆಯಲ್ಲಿ ಆ ಹಾರನ್ ಕೇಳಿದಾಗ ಭಾರತಮ್ಮನಿಗೆ ಅಳು ಬಂದದ್ದು ಸುಳ್ಳಲ್ಲ. ಅಭ್ಯಾಸಬಲದಿಂದ ಎದ್ದು ಒಲೆಯ ಕಡೆ ಎರಡು ಹೆಜ್ಜೆಯನ್ನೂ ಇಟ್ಟಿದ್ದಳು.

ಆ ಹಾರನ್ನಿನದೂ ಒಂದು ಕಥೆಯಿದೆ. ಮೊದಲ ದಿನ ಗಂಗುಲಪ್ಪ, ಇದೇನು ಗಾಡಿ, ಹಾರನ್ನೇ ಇಟ್ಟಿಲ್ಲ ಎಂದು ಬೈದ. ಎಡಗಡೆ ಮೂಲೆಯಲ್ಲಿದೆಯಲ್ಲ ಮಾಮ ಎಂದು ಚಂದ್ರು ಬೆರಳಿಟ್ಟು ತೋರಿಸಿದ. ಮರುದಿನವೂ ಅದೇ ಮಾತು, ಅದೇ ಬೈಗುಳ. ಹೊಸಬರಿಗೆ ಹಾಗೇ ಎಂದುಕೊಂಡು ಚಂದ್ರು ಆ ಗುಂಡಿಯನ್ನು ಬಲಗಡೆಗೆ ಎಳೆದಿಟ್ಟುಕೊಟ್ಟ. ಆಮೇಲೆ ಯಾರಿಗೂ ಅದರ ನೆನಪಿರಲಿಲ್ಲ.

ಆಟದಲ್ಲಿ ಗಾಡಿಗೆ ಏಟಾದರೆ ನಂಬರು ಕಳೆಯುತ್ತಾರೆ. ಗಂಗುಲಪ್ಪನಿಗೆ ಪ್ರತಿ ಟ್ರಿಪ್ಪಿನಲ್ಲೂ ನಂಬರು ಹೋಗುತ್ತಿತ್ತು. ಬಲಗಡೆ ಕೂದಲೆಳೆಯಷ್ಟು ಜಾಗದಲ್ಲಿ ಗಾಡಿ ನುಗ್ಗಿಸಿಕೊಂಡು ಹೋಗುವವನು ಎಡಗಡೆ ಮಾತ್ರ ಒಂದಲ್ಲ ಒಂದಕ್ಕೆ ಉಜ್ಜುತ್ತಿದ್ದ. ಈ ಗೇಮ್ ಮಾಡಿದವನಿಗೆ ಎಡಗಡೆ ರಸ್ತೆ ಹಾಕೋಕೇ ಬರಲ್ಲ, ಎಲ್ಲಿಂದಲೋ ಬೈಕು ತಂದು ಮುಂದೆ ಬಿಸಾಕ್ತಾನೆ ಎಂದು ಗೊಣಗುವನು. ಭಾರತಮ್ಮ ಹೌದೇನೋ ಅಂದುಕೊಂಡಿದ್ದಳು. ಗೇಮ್ ಮಾಡಿದವನು ಅವಳಿಗೇನು ನೆಂಟನೇ?

ಅಷ್ಟರಲ್ಲಿ ಯಲ್ದೂರಿನಲ್ಲಿ ಅವಳ ತಂಗಿಯ ಮನೆಯ ಗೃಹಪ್ರವೇಶ ಬಂತು. ಬಾಳೆಎಲೆಯ ಊಟ. ಗಂಗುಲಪ್ಪ ಎದುರು ಪಂಕ್ತಿಯಲ್ಲಿ ಕೂತಿದ್ದ. ಬಡಿಸುವವರನ್ನು ಕರೆದು, ಉಪ್ಪು ಹಾಕಿಲ್ಲವಲ್ಲಪ್ಪ, ಉಪ್ಪಿನಕಾಯಿ ಮರೆತ್ರಾ ಅಂದ. ಹಾಕಿದ್ದರು. ಎಲ್ಲರ ಎಲೆಯ ಹಾಗೆ ಅವನ ಎಲೆಯಲ್ಲೂ ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಮಾವಿನಕಾಯಿ ಕೋಸಂಬರಿ ಇದ್ದವು. ಬಡಿಸುವವನು ಒಂದು ಥರಾ ನೋಡಿ ಮತ್ತೆ ಬಲಗಡೆಗೆ ಹಾಕಿ ಹೋದ. ಊಟ ಮುಗಿದಾಗ ಅವನ ಎಲೆಯ ಬಲಭಾಗ ತೊಳೆದಿಟ್ಟಂತಿತ್ತು, ಎಡಭಾಗದಲ್ಲಿ ಎಲ್ಲ ಹಾಕಿದ್ದು ಹಾಕಿದ ಹಾಗೇ ಇತ್ತು. ಕೋಸಂಬರಿ ಅವನ ಪ್ರಾಣ. ಅದನ್ನು ಬಿಟ್ಟೇಳುವ ಗಂಡಸಲ್ಲ ಅವನು.

ಬಸ್ಸಿನಲ್ಲಿ ಮನೆಗೆ ಬಂದು ಭಾರತಮ್ಮ ಕಾಫಿ ಮಾಡಿ, ಕೂತಿದ್ದವನ ಎಡಗಡೆಗೆ ಲೋಟ ಹಿಡಿದು ಸದ್ದಿಲ್ಲದೆ ನಿಂತಳು. ಅವನು ರಸ್ತೆ ನೋಡುತ್ತಾ, ಲೇ ಭಾರತಿ, ಕಾಫಿ ಎಷ್ಟೊತ್ತು ಅಂತ ಒಳಗೆ ಕೂಗಿದ. ಅವಳು ಒಂದು ಮೊಳ ದೂರದಲ್ಲಿದ್ದಳು. ಮೆಲ್ಲಗೆ ಸುತ್ತಿಬಂದು ಬಲಗಡೆ ನಿಂತಾಗ, ಇದಿಗೋ ಬಂತು ಎಂದು ನಗುತ್ತಾ ಲೋಟ ತೆಗೆದುಕೊಂಡ.

ಸಾಲದ್ದಕ್ಕೆ ಅದೇ ವಾರ, ಮಂಗಳವಾರ, ವೆಂಕಟರಾಯಪ್ಪನವರ ಫೋನು ಬಂತು. ಅವರು ಗಂಗುಲಪ್ಪನ ಹಳೆಯ ಮಾಲೀಕರು, ಕೋಲಾರದ ಟೊಮೆಟೊ ಮಾರುಕಟ್ಟೆಯಿಂದ ಲೋಡು ಕಳಿಸುವವರು. ಸೀಸನ್ ಜೋರಾಗಿದೆ, ಡ್ರೈವರುಗಳೇ ಸಿಗುತ್ತಿಲ್ಲ, ನಿನ್ನ ಮೈ ಹೇಗಿದೆ ಗಂಗುಲಪ್ಪ, ಶುಕ್ರವಾರ ವಿಜಯವಾಡಕ್ಕೆ ಒಂದು ಲೋಡು ಹೊಡೀತೀಯಾ ಎಂದು ಕೇಳಿದರು. ಗಂಗುಲಪ್ಪ ಎದ್ದು ನಿಂತೇ ಮಾತಾಡಿದ. ಬರ್ತೀನಿ ಅಣ್ಣ, ಕೈಯೆಲ್ಲ ಸರಿಹೋಗಿದೆ, ದಿನಾ ಪ್ರಾಕ್ಟೀಸೂ ಆಗ್ತಿದೆ ಎಂದು ಹೆಂಡತಿಯ ಕಡೆ ನೋಡಿ ಕಣ್ಣು ಹೊಡೆದ. ಟ್ರಂಕು ತೆಗೆದು ಖಾಕಿ ಅಂಗಿ ಹುಡುಕಿ, ಇಸ್ತ್ರಿ ಮಾಡಿಡು ಅಂದ.

ಅವನ ಮುಖದಲ್ಲಿ ಆ ಬೆಳಕು ನೋಡಿ ಆರು ತಿಂಗಳಾಗಿತ್ತು. ಅದನ್ನು ಆರಿಸುವ ಕೆಲಸ ತನ್ನ ಪಾಲಿಗೇ ಬರಬೇಕೇ ಎಂದುಕೊಂಡಳು ಭಾರತಮ್ಮ. ಆದರೂ ಸುಮ್ಮನಿರುವುದು ಹೇಗೆ? ಎಡಗಡೆ ಕಾಣದವನು ಹತ್ತು ಟನ್ ಹೊತ್ತ ಗಾಡಿಯನ್ನು ಹೆದ್ದಾರಿಗೆ ಇಳಿಸುತ್ತಾನೆ, ಜೊತೆಗೆ ಕ್ಲೀನರೂ ಇಲ್ಲ. ಎಡಗಡೆ ಹೋಗುವವರು ಯಾರು? ಸೈಕಲ್ಲಿನವರು, ಸೊಪ್ಪಿನ ಹೊರೆ ಹೊತ್ತವರು, ಶಾಲೆಗೆ ನಡೆದುಹೋಗುವ ಮಕ್ಕಳು. ಹೇಳಿದರೆ ನಂಬುತ್ತಾನೆಯೇ? ನನ್ನ ಕಣ್ಣು ನನಗೆ ಗೊತ್ತಿಲ್ವಾ ಎಂದು ರೇಗುತ್ತಾನೆ. ಒಂದು ಗೀರು ಬೀಳಿಸದವನಿಗೆ ನಿನಗೆ ರಸ್ತೆ ಕಾಣುವುದಿಲ್ಲ ಅನ್ನುವುದು ಸಣ್ಣ ಮಾತಲ್ಲ.

ಬುಧವಾರ ಮಧ್ಯಾಹ್ನ ಗಂಡ ಮಲಗಿದ್ದಾಗ ಫೋನು ಸೆರಗಿನಲ್ಲಿ ಮುಚ್ಚಿಕೊಂಡು ಚಂದ್ರುವಿನ ಅಂಗಡಿಗೆ ಹೋದಳು. ಈ ಗೇಮಿನಲ್ಲಿ ಎಡಗಡೆ ಏನಾದರೂ ಕೆಟ್ಟಿದೆಯಾ, ಆಡಿ ನೋಡಪ್ಪ ಅಂದಳು. ಚಂದ್ರು ಗ್ರೀಸು ಕೈ ಒರೆಸಿಕೊಂಡು ಒಂದು ಟ್ರಿಪ್ಪು ಓಡಿಸಿದ. ಎಡಗಡೆಯ ಬೈಕುಗಳು ಬಂದವು, ಹೋದವು, ಒಂದಕ್ಕೂ ತಾಗಲಿಲ್ಲ. ಚೆನ್ನಾಗೇ ಇದೆಯಲ್ಲ ಅತ್ತೆ ಎಂದು ಫೋನು ವಾಪಸು ಕೊಟ್ಟ. ಅವಳಿಗೆ ಇನ್ನು ಕೇಳುವುದೇನೂ ಉಳಿದಿರಲಿಲ್ಲ.

ಅವತ್ತು ಸಂಜೆ ಗಂಗುಲಪ್ಪ ಹೊರಗಿನ ಮಂಚದ ಮೇಲೆ ಕೂತು ಗಾಡಿ ತೆಗೆಯುವ ಹೊತ್ತಿಗೆ ಭಾರತಮ್ಮ ಕೆಲಸ ಬಿಟ್ಟು ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ತಾನೂ ಬರುತ್ತೇನೆ ಎಂದಳು.

"ಎಲ್ಲಿಗೆ?"

"ನೀವು ಹೋಗೋ ಕಡೆಗೆ. ಮೂವತ್ತೆರಡು ವರ್ಷ ಆಯ್ತು ಕೇಳಿ. ಇದ್ರಲ್ಲಾದ್ರೂ ಕೂರಿಸ್ಕೊಂಡು ಹೋಗಿ."

ಗಂಗುಲಪ್ಪ ಅವಳನ್ನೇ ನೋಡಿದ. ಆ ಹಳೆಯ ಮಾತು ಇವಳಿಗೆ ಇನ್ನೂ ನೆನಪಿದೆಯೆಂದು ಅವನಿಗೆ ಅವತ್ತೇ ಗೊತ್ತಾದದ್ದು. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ. ಅವಳು ಅಲ್ಲಿ ಕೂರಲಿಲ್ಲ, ಸುತ್ತಿಬಂದು ಎಡಗಡೆ ಕೂತಳು. ಕ್ಲೀನರ್ ಕೂರುವ ಕಡೆಗೇ ಕೂತೆಯಲ್ಲ ಎಂದು ಅವನು ತಮಾಷೆ ಮಾಡಿದ್ದಕ್ಕೆ, ಹೌದು, ಇವತ್ತು ನಾನೇ ಕ್ಲೀನರು, ತಟ್ಟಿದರೆ ನಿಲ್ಲಿಸಬೇಕು ಎಂದಳು. ಗಾಡಿ ಹೊರಟಿತು.

ಲಾರಿಯ ಎತ್ತರದಿಂದ ರಸ್ತೆ ಹೀಗೆ ಕಾಣುತ್ತದೆ ಎಂದು ಭಾರತಮ್ಮ ಎಣಿಸಿಯೇ ಇರಲಿಲ್ಲ. ಗದ್ದೆ, ಗುಡ್ಡ, ಪೆಟ್ರೋಲ್ ಬಂಕು, ಬಾಳೆಹಣ್ಣಿನ ಗಾಡಿ, ಎಲ್ಲ ಗೊಂಬೆಯ ಹಾಗೆ ಚಿಕ್ಕದಾಗಿ ಹಿಂದೆ ಹೋಗುತ್ತಿದ್ದವು. ಇಷ್ಟು ವರ್ಷ ಇವನು ಇದನ್ನು ಒಬ್ಬನೇ ನೋಡಿದನಲ್ಲ ಅನ್ನಿಸಿ ಕ್ಷಣಕಾಲ ಬಂದ ಕೆಲಸವೇ ಮರೆತುಹೋಯಿತು. ಅಷ್ಟರಲ್ಲಿ ಎಡಗಡೆಯಿಂದ ಒಂದು ಬೈಕು ನುಗ್ಗಿತು. ಅವಳು ಮಂಚದ ಪಟ್ಟಿಯನ್ನು ಅಂಗೈಯಲ್ಲಿ ಒಂದು ಸಲ ತಟ್ಟಿದಳು.

ಗಂಗುಲಪ್ಪನ ಹೆಬ್ಬೆರಳು ತಾನಾಗಿಯೇ ಬ್ರೇಕಿಗೆ ಹೋಯಿತು. ಅಷ್ಟು ವರ್ಷದ ಅಭ್ಯಾಸ ಅದು, ಯಾಕೆ ಅಂತ ಕೇಳುವುದಿಲ್ಲ. ಬೈಕು ದಾಟಿತು. ಅವಳು ಎರಡು ಸಲ ತಟ್ಟಿದಳು. ಗಾಡಿ ಮುಂದೆ ಹೋಯಿತು. ಮತ್ತೆ ಒಂದು ತಟ್ಟು, ಮತ್ತೆ ಎರಡು. ಎದುರಿನ ನಿಜವಾದ ರಸ್ತೆಯಲ್ಲಿ ನಿಜವಾದ ಲಾರಿಗಳು ಹೋಗುತ್ತಲೇ ಇದ್ದವು, ಇವರಿಬ್ಬರೂ ಅದರ ಕಡೆ ಕಣ್ಣೆತ್ತದೆ ತಮ್ಮ ಗಾಡಿಯನ್ನು ಊರು ತಲುಪಿಸಿದರು. ನಂಬರು ಒಂದೂ ಕಳೆದಿರಲಿಲ್ಲ. ಫೋನಿನಲ್ಲಿ ಪಟಾಕಿ ಹಾರಿತು.

"ನೋಡಿದ್ಯಾ" ಎಂದು ಗಂಗುಲಪ್ಪ ತೊಡೆ ತಟ್ಟಿಕೊಂಡ. ಆಮೇಲೆ ಅವನ ನಗು ನಿಧಾನವಾಗಿ ನಿಂತಿತು. ಪಟಾಕಿ ಮುಗಿಯುವವರೆಗೆ ಫೋನನ್ನೇ ನೋಡುತ್ತಿದ್ದು, ಹೆಂಡತಿಯ ಕಡೆ ಪೂರ್ತಿ ತಿರುಗಿ ಕೂತ. ಅವಳನ್ನು ನೋಡಬೇಕಾದರೆ ಹಾಗೆ ಪೂರ್ತಿ ತಿರುಗಬೇಕಾಗಿತ್ತು.

"ಮೊದಲ್ನೇ ಸಲ ತಟ್ಟಿದ್ಯಲ್ಲ. ಅಲ್ಲೇನಿತ್ತು?"

"ಬೈಕು. ಗಂಡ ಹೆಂಡ್ತಿ ಕೂತಿದ್ರು."

"ಎರಡ್ನೇ ಸಲ?"

"ಮಗು ಕೈ ಹಿಡ್ಕೊಂಡು ಒಬ್ಬಳು ನಿಂತಿದ್ಳು, ರಸ್ತೆ ದಾಟೋಕೆ."

ರೇಗುತ್ತಾನೆ ಎಂದು ಭಾರತಮ್ಮ ಕಾದಳು. ರೇಗಲಿಲ್ಲ. ಅವನ ಮನಸ್ಸಿನಲ್ಲಿ ಹಾರನ್ ಇಲ್ಲದ ಗಾಡಿ, ಉಪ್ಪು ಹಾಕದ ಎಲೆ, ಎಲ್ಲಿಂದಲೋ ಬಂದು ಬೀಳುವ ಬೈಕುಗಳು ಒಂದರ ಪಕ್ಕ ಒಂದು ಬಂದು ಕೂತಿರಬೇಕು.

"ನಂಗೆ ಕಾಣ್ಲೇ ಇಲ್ಲ ಭಾರತಿ" ಎಂದ. "ಕತ್ತಲೆಯಾಗಿದ್ರೆ ಕಾಣ್ತಿಲ್ಲ ಅಂತ ಗೊತ್ತಾಗ್ತಿತ್ತು. ಅಲ್ಲಿ ಏನೂ ಇಲ್ಲವೇ ಇಲ್ಲ ಅನ್ಕೊಂಡಿದ್ದೆ."

ಅವಳು ಅವನ ಎಡಗೈ ತೆಗೆದು ತನ್ನ ಮಡಿಲಿನಲ್ಲಿಟ್ಟುಕೊಂಡಳು. ಬೀದಿಗೆ ಕಾಣುವಂತೆ ಗಂಡನ ಕೈ ಹಿಡಿದದ್ದು ಅವಳ ಬಾಳಿನಲ್ಲಿ ಅದೇ ಮೊದಲು. ಟೀ ಅಂಗಡಿಯ ಬೆಂಚಿನಿಂದ ದೊಡ್ಡವೆಂಕಟಪ್ಪ ಮೇಷ್ಟ್ರು ನೋಡಿದರೂ ನೋಡಲಿ ಅಂದುಕೊಂಡಳು. ಮೇಷ್ಟ್ರು ಪಗಡೆಯಲ್ಲಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಗಂಗುಲಪ್ಪ ತಾನೇ ವೆಂಕಟರಾಯಪ್ಪನವರಿಗೆ ಫೋನು ಮಾಡಿದ. ಈ ಸಲ ಕೂತೇ ಮಾತಾಡಿದ. ಶುಕ್ರವಾರ ಬರೋಕಾಗಲ್ಲ ಅಣ್ಣ, ಇನ್ನು ಮೇಲೂ ಆಗಲ್ಲ ಅಂದ. ಅವರು ಏನೋ ಕೇಳಿದರು, ದುಡ್ಡು ಸಾಲದೇ ಅಂತ ಇರಬೇಕು. ಅದಲ್ಲ, ಕಣ್ಣಿನದು ಒಂದು ತೊಂದರೆ ಇದೆ, ಗಾಡಿಗೆ ಒಂದು ಗೀರೂ ಬೀಳದಿರುವಾಗಲೇ ಇಳಿದುಬಿಡ್ತೀನಿ ಅಂದ. ಫೋನಿಟ್ಟು, "ಪೋನೀಲೇ" ಎಂದು ತೆಲುಗಿನಲ್ಲಿ ತನಗೆ ತಾನೇ ಹೇಳಿಕೊಂಡ, ಹೋಗಲಿ ಬಿಡು ಅಂತ. ಇಸ್ತ್ರಿಯಾಗಿದ್ದ ಖಾಕಿ ಅಂಗಿಯನ್ನು ಭಾರತಮ್ಮ ಮಡಿಚಿ ಟ್ರಂಕಿನಲ್ಲಿಟ್ಟಳು. ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತಳು, ಅವನಿಗೆ ಕೇಳದ ಹಾಗೆ. ಗೆದ್ದೆನೆಂಬ ಭಾವ ಅವಳಲ್ಲಿ ಎಳ್ಳಷ್ಟೂ ಇರಲಿಲ್ಲ.

ಆಟವನ್ನು ಅವನು ಬಿಟ್ಟುಬಿಡುತ್ತಾನೆ ಎಂದು ಅವಳು ಎಣಿಸಿದ್ದಳು. ಗುರುವಾರ ಇಡೀ ದಿನ ಫೋನು ಮುಟ್ಟಲೂ ಇಲ್ಲ. ಸಂಜೆ ಅವಳು ಅಕ್ಕಿ ಆರಿಸುತ್ತಿದ್ದಾಗ ಹೊರಗಿನಿಂದ ಎರಡು ಚಿಕ್ಕದು ಒಂದು ಉದ್ದ ಹಾರನ್ ಕೇಳಿತು. ಹೋಗಿ ನೋಡಿದರೆ ಗಂಗುಲಪ್ಪ ಮಂಚದ ಬಲತುದಿಗೆ ಸರಿದು, ಎಡಗಡೆ ಜಮಖಾನ ಮಡಿಸಿ ಹಾಸಿಟ್ಟು, ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ.

ಶುಕ್ರವಾರ, ಲೋಡು ಹೋಗಬೇಕಿದ್ದ ದಿನ, ಇಬ್ಬರೂ ಬಸ್ಸು ಹತ್ತಿ ಕೋಲಾರಕ್ಕೆ ಹೋದರು. ರಾಧಾ ಆಫೀಸಿಗೆ ರಜೆ ಹಾಕಿ ಆಸ್ಪತ್ರೆಯ ಬಾಗಿಲಲ್ಲಿ ಕಾಯುವುದಾಗಿ ಹೇಳಿದ್ದಳು. ಬಸ್ಸಿನಲ್ಲಿ ಭಾರತಮ್ಮ ಎಡಗಡೆ, ಅವನು ಬಲಗಡೆ. ಸ್ಟ್ಯಾಂಡಿನಲ್ಲಿ ಇಳಿದು ಆಚೆ ಬದಿಗೆ ದಾಟಬೇಕಿತ್ತು. ಬೆಳಗಿನ ಹೊತ್ತು; ಆಟೋಗಳು, ಟೊಮೆಟೊ ಕ್ರೇಟು ತುಂಬಿದ ಗಾಡಿಗಳು ಎರಡೂ ಕಡೆಯಿಂದ ನುಗ್ಗುತ್ತಿದ್ದವು. ಅಷ್ಟು ವರ್ಷ ಈ ರಸ್ತೆಯಲ್ಲಿ ಎಲ್ಲರಿಂದಲೂ ದಾರಿ ಬಿಡಿಸಿಕೊಂಡು ಹೋದ ಗಂಗುಲಪ್ಪ ಬದಿಯಲ್ಲಿ ನಿಂತ. ಹೆಜ್ಜೆ ಎತ್ತಿದ, ಮತ್ತೆ ಇಟ್ಟ. ಏನು ಮಾಡಬೇಕೆಂದು ಅವನಿಗೆ ಗೊತ್ತಾಗಲಿಲ್ಲ.

ಭಾರತಮ್ಮ ಅವನ ಕೈ ಹಿಡಿದು ಎಳೆಯಲಿಲ್ಲ. ಎಡಗಡೆಗೆ ಬಂದು ನಿಂತು, ಅವನ ಭುಜವನ್ನು ಅಂಗೈಯಲ್ಲಿ ಒಂದು ಸಲ ತಟ್ಟಿದಳು. ಅವನು ನಿಂತ. ಒಂದು ಆಟೋ ಅವರ ಮುಂದೆ ಹಾದುಹೋಯಿತು, ಹಿಂದೆಯೇ ಒಂದು ಬೈಕು. ರಸ್ತೆ ಖಾಲಿಯಾದದ್ದನ್ನು ನೋಡಿಕೊಂಡು ಅವಳು ಎರಡು ಸಲ ತಟ್ಟಿದಳು. ಗಂಗುಲಪ್ಪ ಎಡಕ್ಕೆ ತಿರುಗಿ ನೋಡಲಿಲ್ಲ, ಏನಿತ್ತು ಅಂತ ಕೇಳಲಿಲ್ಲ. ತಲೆಯೆತ್ತಿಕೊಂಡು ರಸ್ತೆಗೆ ಇಳಿದ.